ನಿಮಗಿದು ಗೊತ್ತೇ? ರದ್ದಿಯಿಂದ ಹರಾಜುಕಟ್ಟೆಗೆ ಬಂದ ಕಾಮಿಕ್ಸ್ ಮೂಲಪುಟಗಳು

ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಕೂಡಿಡುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಆ ಪುಸ್ತಕ ಅಚ್ಚಾಗುವ ಮೊದಲು ಕಲಾವಿದ ದಪ್ಪ ಹಾಳೆಯ ಮೇಲೆ ಪೆನ್ಸಿಲು, ಶಾಯಿ ಹಿಡಿದು ಬರೆದ ಪುಟವನ್ನೇ ಹುಡುಕಿಕೊಂಡು ಹೋಗುವವರು ಮಾತ್ರ ವಿರಳ. ಅಚ್ಚಾದ ಪ್ರತಿಗಳು ಲಕ್ಷಗಟ್ಟಲೆ ಇರಬಹುದು, ಮೂಲಪುಟ ಇರುವುದು ಒಂದೇ. ಕೆಲಸ ಮುಗಿದ ಮೇಲೆ ಕಸವೆಂದೇ ಎಣಿಸುತ್ತಿದ್ದ ಹಾಳೆಗಳಿಗೆ ಇವತ್ತು ಕೋಟಿಗಟ್ಟಲೆ ಬೆಲೆ. ಈ ಹವ್ಯಾಸದ ಒಳಹೊರಗಿನ ಒಂದಿಷ್ಟು ಸಂಗತಿಗಳು ಇಲ್ಲಿವೆ.

ಹರಾಜಿನ ಕೂಗು

1. ಒಂದೇ ಒಂದು ಒಳಪುಟಕ್ಕೆ 33.6 ಲಕ್ಷ ಡಾಲರ್! 2022ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್‌ನ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಬಂದ ಬೆಲೆ ಇದು. ಅಂದಿನ ದರದಲ್ಲಿ ಸುಮಾರು 25 ಕೋಟಿ ರೂಪಾಯಿ. 1984ರ ‘ಸೀಕ್ರೆಟ್ ವಾರ್ಸ್’ 8ನೇ ಸಂಚಿಕೆಗೆ ಮೈಕ್ ಝೆಕ್ ಬರೆದ 25ನೇ ಪುಟವದು. ಸ್ಪೈಡರ್‌ಮ್ಯಾನ್‌ಗೆ ಕಪ್ಪು ಉಡುಪು ದಕ್ಕಿದ್ದು ಹೇಗೆಂದು ಹೇಳುವ ಪುಟ. ಆ ಉಡುಪೇ ಮುಂದೆ ‘ವೆನಮ್’ ಎಂಬ ಖಳನಾಯಿತು. ಕೂಗು ಶುರುವಾಗಿದ್ದು 3.3 ಲಕ್ಷ ಡಾಲರ್‌ನಿಂದ.

2. ಅದಕ್ಕೆ ಒಂದು ವರ್ಷ ಮೊದಲು, 2021ರ ಜನವರಿಯಲ್ಲಿ, ಪ್ಯಾರಿಸ್‌ನ ಆರ್ಟ್‌ಕ್ಯೂರಿಯಲ್ ಹರಾಜಿನಲ್ಲಿ ಟಿನ್‌ಟಿನ್‌ನ ಒಂದು ಚಿತ್ರ ಸುಮಾರು 32 ಲಕ್ಷ ಯೂರೋಗೆ ಹೋಯಿತು. ‘ದಿ ಬ್ಲೂ ಲೋಟಸ್’ ಪುಸ್ತಕದ ಮುಖಪುಟಕ್ಕೆಂದು ಎರ್ಜೆ 1936ರಲ್ಲಿ ಬರೆದದ್ದು. ತಮಾಷೆಯೆಂದರೆ ಅದು ಮುಖಪುಟವಾಗಲೇ ಇಲ್ಲ. ಅಷ್ಟು ಬಣ್ಣಗಳಲ್ಲಿ ಅಚ್ಚು ಹಾಕಿಸಿದರೆ ಖರ್ಚು ಹೆಚ್ಚೆಂದು ಪ್ರಕಾಶಕರು ಬೇಡವೆಂದರು. ಮಡಚಿಟ್ಟ ಗೆರೆಗಳು ಚಿತ್ರದ ಮೇಲೆ ಈಗಲೂ ಕಾಣುತ್ತವೆ.

3. ‘ಟಿನ್‌ಟಿನ್ ಇನ್ ಅಮೆರಿಕ’ದ 1932ರ ಮುಖಪುಟದ ಮೂಲಚಿತ್ರ 2008ರಲ್ಲಿ ಸುಮಾರು 7.6 ಲಕ್ಷ ಯೂರೋಗೆ ಮಾರಾಟವಾಗಿತ್ತು. 2012ರಲ್ಲಿ ಅದೇ ಚಿತ್ರ ಮತ್ತೆ ಹರಾಜಿಗೆ ಬಂದಾಗ ಸಿಕ್ಕಿದ್ದು 13 ಲಕ್ಷ ಯೂರೋ.

4. ‘ವುಲ್ವರಿನ್’ ಮೊಟ್ಟಮೊದಲು ಕಾಣಿಸಿಕೊಂಡದ್ದು 1974ರ ‘ಇನ್‌ಕ್ರೆಡಿಬಲ್ ಹಲ್ಕ್’ 180ನೇ ಸಂಚಿಕೆಯ ಕೊನೆಯ ಪುಟದಲ್ಲಿ. ಕಲಾವಿದ ಹರ್ಬ್ ಟ್ರಿಂಪ್ ಆ ಮೂಲಪುಟವನ್ನು 1983ರಲ್ಲಿ ಹದಿಹರೆಯದ ಒಬ್ಬ ಹುಡುಗನಿಗೆ ಕೊಟ್ಟುಬಿಟ್ಟಿದ್ದರು. 2014ರಲ್ಲಿ ಅದು 6,57,250 ಡಾಲರ್‌ಗೆ ಹೋಯಿತು. ಅದನ್ನು ಜೋಪಾನ ಮಾಡಿದ್ದವನು ಬಂದ ಹಣದ ದೊಡ್ಡ ಪಾಲನ್ನು ಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರಿಗೆ ನೆರವಾಗುವ ‘ಹೀರೋ ಇನಿಷಿಯೇಟಿವ್’ ಸಂಸ್ಥೆಗೆ ಕೊಟ್ಟ.

5. ಇನ್ನೊಂದು ಕಾಕತಾಳೀಯ. ಟಾಡ್ ಮ್ಯಾಕ್‌ಫರ್ಲೇನ್ ಬರೆದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 328ನೇ ಸಂಚಿಕೆಯ ಮುಖಪುಟ 2012ರಲ್ಲಿ ಮಾರಾಟವಾದದ್ದೂ 6,57,250 ಡಾಲರ್‌ಗೇ. ಒಂದು ಡಾಲರ್ ಹೆಚ್ಚಿಲ್ಲ, ಒಂದು ಡಾಲರ್ ಕಡಿಮೆಯಿಲ್ಲ.

6. ಬ್ಯಾಟ್‌ಮ್ಯಾನ್‌ನ ‘ಡಾರ್ಕ್ ನೈಟ್ ರಿಟರ್ನ್ಸ್’ನ ಒಂದು ದೊಡ್ಡ ಚಿತ್ರದ ಒಳಪುಟಕ್ಕೆ 2011ರಲ್ಲಿ 4,48,125 ಡಾಲರ್ ಬಂದಾಗ ಸಂಗ್ರಾಹಕರೇ ಬೆಚ್ಚಿಬಿದ್ದಿದ್ದರು. 2022ರಲ್ಲಿ ಅದೇ ಮಾಲಿಕೆಯ ಮೊದಲ ಸಂಚಿಕೆಯ ಮುಖಪುಟ 24 ಲಕ್ಷ ಡಾಲರ್ ಮುಟ್ಟಿತು.

7. ಶಾಯಿಯ ಪುಟಗಳಿಗಿಂತ ಮುಖಪುಟದ ತೈಲವರ್ಣಗಳ ಲೆಕ್ಕವೇ ಬೇರೆ. ‘ಈರಿ’ ಪತ್ರಿಕೆಯ 1969ರ ಸಂಚಿಕೆಯೊಂದಕ್ಕೆ ಫ್ರ್ಯಾಂಕ್ ಫ್ರಝೆಟಾ ಬರೆದ ‘ಈಜಿಪ್ಶಿಯನ್ ಕ್ವೀನ್’ 2019ರಲ್ಲಿ 54 ಲಕ್ಷ ಡಾಲರ್ ಗಳಿಸಿತು.

8. ಜಪಾನಿನ ಮಾಂಗಾ ಪುಟಗಳು ಹರಾಜಿಗೆ ಬರುವುದು ಅಪರೂಪ. 2018ರಲ್ಲಿ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಪುಟವೊಂದು ಪ್ಯಾರಿಸ್‌ನಲ್ಲಿ 2,69,400 ಯೂರೋಗೆ ಮಾರಾಟವಾಯಿತು.

9. ಚಿತ್ರವಷ್ಟೇ ಅಲ್ಲ, ಚೆಕ್ಕಿಗೂ ಬೆಲೆ ಬಂದಿದೆ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು ಬಿಟ್ಟುಕೊಟ್ಟಾಗ ಅವರಿಗೆ ಬಂದ ಚೆಕ್ಕಿನ ಮೊತ್ತ 412 ಡಾಲರ್. ಅದರಲ್ಲಿ ಸೂಪರ್‌ಮ್ಯಾನ್‌ನ ಪಾಲು ಬರೀ 130. 2012ರಲ್ಲಿ ಆ ಚೆಕ್ಕು 1.6 ಲಕ್ಷ ಡಾಲರ್‌ಗೆ ಮಾರಾಟವಾಯಿತು.

10. ನಕಲಿನ ಬೆಲೆ ಅಸಲನ್ನು ಮೀರಿಸಿದ್ದೂ ಉಂಟು. ಪಾಪ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ಕಾಮಿಕ್ಸ್ ಚೌಕಗಳನ್ನು ದೊಡ್ಡ ಕ್ಯಾನ್ವಾಸಿಗೆ ಇಳಿಸಿ ಹೆಸರಾದವರು. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಅವರ ‘ವಾಮ್!’ ಚಿತ್ರಕ್ಕೆ ಮೂಲ ಇರ್ವ್ ನೋವಿಕ್ 1962ರಲ್ಲಿ ಯುದ್ಧದ ಕಾಮಿಕ್ಸ್ ಒಂದಕ್ಕೆ ಬರೆದ ಚೌಕ. ಲಿಕ್ಟನ್‌ಸ್ಟೈನ್‌ರ ‘ನರ್ಸ್’ 2015ರಲ್ಲಿ 9.54 ಕೋಟಿ ಡಾಲರ್‌ಗೆ ಹೋಯಿತು. ಮೇಲಿನ ಒಂಬತ್ತೂ ಸಂಗತಿಗಳ ಹಣವನ್ನು ಕೂಡಿಸಿ ನೋಡಿ, ಇದರ ಹತ್ತಿರಕ್ಕೂ ಬರುವುದಿಲ್ಲ.

ಹಾಳೆ, ಶಾಯಿ, ಅಳತೆ

11. ಮೂಲಪುಟ ನಾವು ಓದುವ ಪುಟಕ್ಕಿಂತ ದೊಡ್ಡದು. 1960ರ ದಶಕದ ಮಧ್ಯಭಾಗದವರೆಗೆ ಅಮೆರಿಕದ ಕಲಾವಿದರು ಸುಮಾರು 12.5 ಇಂಚು ಅಗಲ, 18.5 ಇಂಚು ಎತ್ತರಕ್ಕೆ ಬರೆಯುತ್ತಿದ್ದರು. 1967ರ ಹೊತ್ತಿಗೆ ಅದು 10x15 ಇಂಚಿಗೆ ಇಳಿಯಿತು. ಹಳೆಯ ಪುಟವೆಂದು ಯಾರಾದರೂ ಮಾರಲು ಬಂದರೆ ಸಂಗ್ರಾಹಕ ಮೊದಲು ತೆಗೆಯುವುದು ಅಳತೆಪಟ್ಟಿ.

12. ಚಿತ್ರವನ್ನು ದೊಡ್ಡದಾಗಿ ಬರೆದು ಕುಗ್ಗಿಸಿದರೆ ಕೈನಡುಕ, ಗೆರೆಯ ಒರಟು ಎಲ್ಲ ಮರೆಯಾಗುತ್ತದೆ. ಇದಕ್ಕೆ ಹೊರತಾದವರು ಆರ್ಟ್ ಸ್ಪೀಗಲ್‌ಮನ್. ನಾಜಿ ನರಮೇಧದ ಕಥೆ ಹೇಳುವ ‘ಮೌಸ್’ ಅನ್ನು ಅವರು ಅಚ್ಚಿನ ಅಳತೆಯಲ್ಲೇ, ಫೌಂಟನ್ ಪೆನ್ನಿನಲ್ಲಿ ಬರೆದರು. ಓದುಗ ನೋಡುವುದು ಕಲಾವಿದನ ಕೈಬರಹದಷ್ಟೇ ಗಾತ್ರದ ಗೆರೆ.

13. ಇನ್ನೊಂದು ತುದಿಯಲ್ಲಿ ಹಾಲ್ ಫಾಸ್ಟರ್. 1937ರಲ್ಲಿ ಶುರುವಾದ ‘ಪ್ರಿನ್ಸ್ ವೇಲಿಯಂಟ್’ನ ಭಾನುವಾರದ ಪುಟವನ್ನು ಅವರು ಎರಡಡಿಗೂ ಮೀರಿದ ಅಗಲದ ಹಾಳೆಯಲ್ಲಿ ಬರೆಯುತ್ತಿದ್ದರು. ಇಡೀ ಪುಟಕ್ಕೆ ಕಟ್ಟು ಹಾಕಿಸಬೇಕಾದರೆ ಮನೆಯ ಗೋಡೆಯೂ ದೊಡ್ಡದಿರಬೇಕು.

14. ಬಣ್ಣದ ಕಾಮಿಕ್ಸ್‌ನ ಮೂಲಪುಟದಲ್ಲಿ ಬಣ್ಣವೇ ಇರುವುದಿಲ್ಲ! ಕಪ್ಪು ಗೆರೆಯ ಪುಟದ ಸಣ್ಣ ಪ್ರತಿ ತೆಗೆದು, ಅದರ ಮೇಲೆ ಬೇರೊಬ್ಬರು ಬಣ್ಣ ಹಚ್ಚಿ ಮುದ್ರಣಾಲಯಕ್ಕೆ ಸೂಚನೆ ಬರೆಯುತ್ತಿದ್ದರು. ಆ ‘ಕಲರ್ ಗೈಡ್’ಗಳನ್ನು ಪ್ರತ್ಯೇಕವಾಗಿ ಕೂಡಿಡುವವರಿದ್ದಾರೆ. ಬೆಲೆ ಮೂಲಪುಟಕ್ಕಿಂತ ಬಹಳ ಕಡಿಮೆ.

15. ಕೆಲವು ಪುಟಗಳಲ್ಲಿ ತಿಳಿನೀಲಿ ಪೆನ್ಸಿಲಿನ ಗೀಚು ಹಾಗೇ ಉಳಿದಿರುತ್ತದೆ. ಮುದ್ರಣಾಲಯದ ಕ್ಯಾಮೆರಾಕ್ಕೆ ಆ ನೀಲಿ ಕಾಣುತ್ತಿರಲಿಲ್ಲ. ಹೀಗಾಗಿ ಅಳಿಸುವ ತೊಂದರೆಯೇ ಇರಲಿಲ್ಲ. ಇಂದಿನ ಸಂಗ್ರಾಹಕರಿಗೆ ಅದೇ ನೀಲಿ ಕಲಾವಿದನ ಮೊದಲ ಯೋಚನೆಯ ಗುರುತು.

16. ಪುಟದ ಅಲ್ಲಲ್ಲಿ ಪೆನ್ಸಿಲಿನಲ್ಲಿ ಪುಟ್ಟ ಗುಣಿಸು ಚಿಹ್ನೆ ಇದ್ದರೆ ಗಾಬರಿ ಬೇಡ, ಅದು ತಪ್ಪಿನ ಗುರುತಲ್ಲ. ‘ಇಲ್ಲಿ ಪೂರ್ತಿ ಕಪ್ಪು ತುಂಬು’ ಎಂದು ಪೆನ್ಸಿಲ್ ಕೆಲಸದವನು ಶಾಯಿ ಕೆಲಸದವನಿಗೆ ಹೇಳುತ್ತಿದ್ದ ಬಗೆ ಅದು.

17. ಬಾಹ್ಯಾಕಾಶದ ನಕ್ಷತ್ರಗಳು ಹುಟ್ಟುತ್ತಿದ್ದದ್ದು ಹಲ್ಲುಜ್ಜುವ ಬ್ರಷ್ಷಿನಿಂದ. ಬಿಳಿ ಬಣ್ಣದಲ್ಲಿ ಅದ್ದಿ, ಬೆರಳಲ್ಲಿ ಎಳೆದು ಚಿಮುಕಿಸಿದರೆ ಕಪ್ಪು ಆಕಾಶದ ತುಂಬ ಚುಕ್ಕಿ. ಅದೇ ಬಿಳಿ ತಪ್ಪು ಮುಚ್ಚಲೂ ಒದಗುತ್ತಿತ್ತು. ಅಚ್ಚಿನಲ್ಲಿ ಇದಾವುದೂ ತಿಳಿಯದು, ಮೂಲಪುಟವನ್ನು ಬೆಳಕಿಗೆ ಓರೆ ಹಿಡಿದರೆ ಎಲ್ಲ ಬಯಲು.

18. ಶಾಯಿ ಕೆಲಸದವರು ಇಂದಿಗೂ ಹಂಬಲಿಸುವ ಕುಂಚ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ‘ಸೀರೀಸ್ 7’. ಇದನ್ನು 1866ರಲ್ಲಿ ಮಾಡಿಸಿದ್ದು ವಿಕ್ಟೋರಿಯಾ ರಾಣಿ, ತಾನು ಜಲವರ್ಣದಲ್ಲಿ ಚಿತ್ರ ಬರೆಯಲಿಕ್ಕೆ. ಮುಂದೆ ಅದು ಸೂಪರ್‌ಹೀರೋಗಳ ಮೈಕಟ್ಟಿಗೆ ಗೆರೆ ಎಳೆಯುತ್ತದೆಂದು ಆಕೆ ಎಣಿಸಿರಲಾರಳು.

19. ಹಳೆಯ ಮುಖಪುಟಗಳ ಮೇಲಿನ ಪತ್ರಿಕೆಯ ಹೆಸರು ಕಲಾವಿದ ಬರೆದದ್ದಲ್ಲ. ಅದು ಬೇರೆ ಕಾಗದದಲ್ಲಿ ಅಚ್ಚಾಗಿ ಅಂಟಿಸಿದ ಚೂರು. ಅಂಟು ಒಣಗಿ ಚೂರು ಉದುರಿಹೋಗುವುದು ಸಾಮಾನ್ಯ. ಉದುರಿದ ಜಾಗಕ್ಕೆ ಹೊಸ ಪ್ರತಿ ಇಟ್ಟರೆ ತಪ್ಪಲ್ಲ, ಮಾರುವಾಗ ಅದನ್ನು ಹೇಳದಿದ್ದರೆ ತಪ್ಪು.

20. 1984ರ ‘ನಿಂಜಾ ಟರ್ಟಲ್ಸ್’ ಪುಟಗಳ ಬೂದು ಛಾಯೆ ಬಂದದ್ದು ರಾಸಾಯನಿಕದಿಂದ. ‘ಡ್ಯೂಯೋಶೇಡ್’ ಎಂಬ ಹಾಳೆಯಲ್ಲಿ ಕಾಣದ ಗೆರೆಗಳು ಅಡಗಿರುತ್ತಿದ್ದವು. ದ್ರಾವಣ ಸವರಿದಲ್ಲಿ ಮಾತ್ರ ಅವು ಮೇಲೇಳುತ್ತಿದ್ದವು. ವರ್ಷಗಳು ಕಳೆದಂತೆ ಈ ಪುಟಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಆ ಹಾಳೆ ಈಗ ತಯಾರಾಗುವುದಿಲ್ಲ.

21. ಮುಂಬದಿಯಷ್ಟೇ ಹಿಂಬದಿಯೂ ಮುಖ್ಯ. 1954ರ ಕೊನೆಯಲ್ಲಿ ಅಮೆರಿಕದ ಪ್ರಕಾಶಕರು ತಮ್ಮ ಮೇಲೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟುಪಾಡು ಹೇರಿಕೊಂಡರು. ಪುಟ ಅದರ ಪರಿಶೀಲನಾ ಮಂಡಳಿಯ ಮುಂದೆ ಹಾದುಹೋದದ್ದಕ್ಕೆ ಬೆನ್ನ ಮೇಲೆ ಮೊಹರು ಬೀಳುತ್ತಿತ್ತು. ಆ ಮೊಹರು, ತಾರೀಖು, ಸಂಪಾದಕರ ಗೀಚು ಇವೆಲ್ಲ ಪುಟದ ಅಸಲಿತನಕ್ಕೆ ಸಾಕ್ಷಿ.

22. ಅಂಚಿನ ಬರಹವೂ ಇತಿಹಾಸವೇ. ಮಾರ್ವೆಲ್‌ನಲ್ಲಿ ಜ್ಯಾಕ್ ಕರ್ಬಿ ಪುಟ ಬರೆಯುತ್ತ, ಪ್ರತಿ ಚೌಕದಲ್ಲಿ ಏನು ನಡೆಯುತ್ತಿದೆಯೆಂದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಟಿಪ್ಪಣಿ ಹಾಕುತ್ತಿದ್ದರು. ಅದನ್ನು ನೋಡಿಕೊಂಡು ಸ್ಟ್ಯಾನ್ ಲೀ ಮಾತು ಬರೆಯುತ್ತಿದ್ದರು. ಕಥೆ ಕಟ್ಟಿದವರು ಯಾರು ಎಂಬ ದಶಕಗಳ ಜಗಳದಲ್ಲಿ ಈ ಅಂಚಿನ ಸಾಲುಗಳೇ ಸಾಕ್ಷಿ ನುಡಿಯುತ್ತಿವೆ. ಅಚ್ಚಾದ ಪುಸ್ತಕದಲ್ಲಿ ಅಂಚು ಕತ್ತರಿಸಿಹೋಗಿರುತ್ತದೆ.

23. ಅಕ್ಷರ ಬರೆಯುವವರೂ ಒಂದು ಕಾಲಕ್ಕೆ ಅದೇ ಹಾಳೆಯ ಮೇಲೆ ಕೈಯಿಂದಲೇ ಬರೆಯುತ್ತಿದ್ದರು. 1990ರ ದಶಕದಿಂದೀಚೆಗೆ ಆ ಕೆಲಸ ಕಂಪ್ಯೂಟರ್ ಪಾಲಾಯಿತು. ಹೀಗಾಗಿ ಹೊಸ ಪುಟಗಳಲ್ಲಿ ಪಾತ್ರಗಳು ಬಾಯಿ ತೆರೆದರೂ ಮಾತಿಲ್ಲ. ಮಾತಿನ ಗುಳ್ಳೆಗಳಿದ್ದರೇ ಅದು ಕಾಮಿಕ್ಸ್ ಎನ್ನುವ ಹಳಬರಿದ್ದಾರೆ, ಚಿತ್ರಕ್ಕೆ ಅಡ್ಡಿಯಿಲ್ಲದಿದ್ದರೇ ಚಂದ ಎನ್ನುವವರೂ ಇದ್ದಾರೆ.

ರದ್ದಿಗೆ ಹೋದವು, ಉಳಿದವು

24. ಮುದ್ರಣಾಲಯದ ಕ್ಯಾಮೆರಾ ಪುಟದ ಫೋಟೊ ತೆಗೆದುಕೊಂಡ ಕೂಡಲೇ ಆ ಹಾಳೆಯ ಕೆಲಸ ಮುಗಿಯಿತೆಂದು ಪ್ರಕಾಶಕರು ತಿಳಿದಿದ್ದರು. ನ್ಯೂಯಾರ್ಕ್‌ನ ದೊಡ್ಡ ಕಂಪನಿಗಳಲ್ಲಿ ಪುಟಗಳನ್ನು ಕತ್ತರಿಸಿ ಎಸೆದದ್ದೂ ಉಂಟು, ಕಚೇರಿ ನೋಡಲು ಬಂದ ಮಕ್ಕಳ ಕೈಗೆ ಕೊಟ್ಟು ಕಳಿಸಿದ್ದೂ ಉಂಟು. ಸೂಪರ್‌ಮ್ಯಾನ್ ಹುಟ್ಟಿದ 1938ರ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಮೂಲಪುಟಗಳು ಉಳಿದಿಲ್ಲವೆಂದೇ ಸಂಗ್ರಾಹಕರ ನಂಬಿಕೆ. ಅದೇ ಸಂಚಿಕೆಯ ಅಚ್ಚಾದ ಪ್ರತಿಯೊಂದು 2024ರಲ್ಲಿ 60 ಲಕ್ಷ ಡಾಲರ್‌ಗೆ ಹೋಗಿದೆ. ಮೂಲಪುಟವೇ ಸಿಕ್ಕಿದ್ದರೆ ಎಷ್ಟಾಗುತ್ತಿತ್ತೋ, ನೀವೇ ಊಹಿಸಿ.

25. ಎಸೆದವರು ಪ್ರಕಾಶಕರಷ್ಟೇ ಅಲ್ಲ. 1933ರಲ್ಲಿ ಸೂಪರ್‌ಮ್ಯಾನ್‌ನ ಮೊದಲ ಕರಡನ್ನು ಪ್ರಕಾಶಕರು ತಿರಸ್ಕರಿಸಿದಾಗ ಬೇಸತ್ತ ಜೋ ಶುಸ್ಟರ್ ಪುಟಗಳನ್ನು ಬೆಂಕಿಗೆ ಹಾಕಿದರು. ಗೆಳೆಯ ಸೀಗಲ್ ಉಳಿಸಿಕೊಂಡದ್ದು ಮುಖಪುಟವೊಂದನ್ನೇ.

26. ಪುಟಗಳನ್ನು ಎಸೆಯುತ್ತಿದ್ದ ಆ ಕಾಲದಲ್ಲೂ ಒಬ್ಬ ಪ್ರಕಾಶಕ ಬೇರೆ ದಾರಿ ಹಿಡಿದಿದ್ದರು. ‘ಮ್ಯಾಡ್’ ಪತ್ರಿಕೆಯ ವಿಲಿಯಂ ಗೇನ್ಸ್ ತಮ್ಮ ಇ.ಸಿ. ಕಾಮಿಕ್ಸ್‌ನ ಬಹುಪಾಲು ಎಲ್ಲ ಮೂಲಪುಟಗಳನ್ನೂ ಭದ್ರವಾಗಿ ಬೀಗ ಹಾಕಿಟ್ಟರು. 1950ರ ದಶಕದ ಆ ಪುಟಗಳು ರಸ್ ಕೊಕ್ರನ್ ಅವರ ಮೂಲಕ ಸಾಲುಸಾಲಾಗಿ ಹರಾಜಿಗೆ ಬಂದವು. ಒಂದು ಇಡೀ ಕಥೆಯ ಪುಟಗಳು ಒಟ್ಟಿಗೇ ಉಳಿದಿರುವುದು ಅಪರೂಪ. ಇ.ಸಿ. ಕಥೆಗಳಿಗೆ ಆ ಭಾಗ್ಯ ದಕ್ಕಿತು.

27. 1970ರ ದಶಕದಲ್ಲಿ ಡಿ.ಸಿ. ಮತ್ತು ಮಾರ್ವೆಲ್ ಕಂಪನಿಗಳು ಮೂಲಪುಟಗಳನ್ನು ಕಲಾವಿದರಿಗೆ ಮರಳಿಸತೊಡಗಿದವು. ಪೆನ್ಸಿಲ್ ಕೆಲಸದವರಿಗೆ ಎರಡು ಪಾಲು, ಶಾಯಿ ಕೆಲಸದವರಿಗೆ ಒಂದು ಪಾಲು ಎಂಬ ಹಂಚಿಕೆ ರೂಢಿಗೆ ಬಂತು. ಒಂದೇ ಕಥೆಯ ಪುಟಗಳು ದಿಕ್ಕಾಪಾಲಾಗಿರುವುದಕ್ಕೆ ಇದೇ ಕಾರಣ. ಕಳೆದುಹೋದ ಪುಟಗಳನ್ನು ಹುಡುಕಿ ಇಡೀ ಕಥೆಯನ್ನು ಮತ್ತೆ ಕೂಡಿಸುವುದನ್ನೇ ವ್ರತವಾಗಿಸಿಕೊಂಡವರಿದ್ದಾರೆ.

28. ಜ್ಯಾಕ್ ಕರ್ಬಿಗೆ ಮಾತ್ರ ಇದು ಸುಲಭದಲ್ಲಿ ಸಿಗಲಿಲ್ಲ. ಮಾರ್ವೆಲ್‌ಗೆ ಸಾವಿರಾರು ಪುಟ ಬರೆದುಕೊಟ್ಟವರು ಅವರು. ಬೇರೆ ಕಲಾವಿದರು ಒಂದು ಪುಟದ ಕರಾರಿಗೆ ಸಹಿ ಹಾಕಿದರೆ ಸಾಕಿತ್ತು. ಕರ್ಬಿಯ ಮುಂದೆ 1984ರಲ್ಲಿ ಬಂದದ್ದು ನಾಲ್ಕು ಪುಟಗಳ ಕರಾರು. ಅದಕ್ಕೆ ಸಹಿ ಹಾಕಿದರೆ ಸಿಗುವುದು 88 ಪುಟ! ಕರ್ಬಿ ಒಪ್ಪಲಿಲ್ಲ. ಕಲಾವಿದರೂ ಓದುಗರೂ ಅವರ ಬೆನ್ನಿಗೆ ನಿಂತರು. ಕೊನೆಗೆ 1987ರಲ್ಲಿ ಸುಮಾರು 2,000 ಪುಟ ಮರಳಿ ಬಂದವು. ಉಳಿದವು ಅಷ್ಟರಲ್ಲಿ ಎಲ್ಲೆಲ್ಲೋ ಸೇರಿಹೋಗಿದ್ದವು.

29. ಸ್ಪೈಡರ್‌ಮ್ಯಾನ್ ಹುಟ್ಟಿದ 1962ರ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ 24 ಪುಟಗಳೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 2008ರಲ್ಲಿ ಅವನ್ನು ದಾನ ಕೊಟ್ಟವರು ಹೆಸರು ಹೇಳಲಿಲ್ಲ. ಮಾರಿದ್ದರೆ ಏಳೇಳು ತಲೆಮಾರು ಕೂತು ಉಣ್ಣಬಹುದಿತ್ತು.

ಸಂಗ್ರಹಾಲಯದ ಬಾಗಿಲು

30. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯದಲ್ಲಿ ಸುಮಾರು 3 ಲಕ್ಷ ಮೂಲಚಿತ್ರಗಳಿವೆ. ಕಲಾವಿದ ಮಿಲ್ಟನ್ ಕ್ಯಾನಿಫ್ ಕೊಟ್ಟ ಸಂಗ್ರಹದಿಂದ 1977ರಲ್ಲಿ ಶುರುವಾದದ್ದು ಇದು. ‘ಕ್ಯಾಲ್ವಿನ್ ಅಂಡ್ ಹಾಬ್ಸ್’ನ ಬಿಲ್ ವಾಟರ್‌ಸನ್ ತಮ್ಮ 3,000ಕ್ಕೂ ಹೆಚ್ಚು ಮೂಲಚಿತ್ರಗಳನ್ನು ಇಲ್ಲಿಟ್ಟಿದ್ದಾರೆ.

31. ಹಾಗಾಗಿಯೇ ಹೊರಗೆ ಕ್ಯಾಲ್ವಿನ್‌ನ ಮೂಲಚಿತ್ರ ಸಿಗುವುದು ದುರ್ಲಭ. ವಾಟರ್‌ಸನ್ ತಾವೇ ಬಣ್ಣ ಹಚ್ಚಿ ಇನ್ನೊಬ್ಬ ವ್ಯಂಗ್ಯಚಿತ್ರಕಾರರಿಗೆ ಕೊಟ್ಟಿದ್ದ 1986ರ ಒಂದು ಭಾನುವಾರದ ಪುಟ 2012ರಲ್ಲಿ 2,03,150 ಡಾಲರ್‌ಗೆ ಹೋಯಿತು.

32. ಚಾರ್ಲ್ಸ್ ಶುಲ್ಜ್ 1950ರಿಂದ 2000ದವರೆಗೆ ‘ಪೀನಟ್ಸ್’ನ 17,897 ಚಿತ್ರಪಟ್ಟಿಗಳನ್ನು ಸಹಾಯಕರಿಲ್ಲದೆ ಒಬ್ಬರೇ ಬರೆದರು. ಅವರ ಕೊನೆಯ ಪಟ್ಟಿ ಅಚ್ಚಾದದ್ದು 2000ದ ಫೆಬ್ರುವರಿ 13ರಂದು. ಅದರ ಹಿಂದಿನ ರಾತ್ರಿ ಅವರು ತೀರಿಕೊಂಡಿದ್ದರು. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ 2002ರಲ್ಲಿ ಅವರ ಸಂಗ್ರಹಾಲಯ ತೆರೆಯಿತು.

33. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಆಲ್ಬೆರ್ ಉದೆರ್ಜೊ 2011ರಲ್ಲಿ ಆಸ್ಟರಿಕ್ಸ್‌ನ 120 ಮೂಲಪುಟಗಳನ್ನು ಕೊಟ್ಟರು. ಅವುಗಳಲ್ಲಿ ‘ಆಸ್ಟರಿಕ್ಸ್ ಇನ್ ಬೆಲ್ಜಿಯಂ’ ಪುಸ್ತಕದ ಪುಟಗಳೂ ಇವೆ. ಆ ಪುಸ್ತಕದ ಕೆಲಸ ನಡೆಯುತ್ತಿದ್ದಾಗ, 1977ರ ನವೆಂಬರಿನಲ್ಲಿ ಕಥೆಗಾರ ಗೊಸಿನಿ ತೀರಿಕೊಂಡರು. ಅಲ್ಲಿಂದ ಮುಂದಿನ ಪುಟಗಳಲ್ಲಿ ಉದೆರ್ಜೊ ಮಳೆಮೋಡದ ಆಕಾಶ ಬರೆದರು. ಕಥೆಗೆ ಮಳೆ ಬೇಕಿರಲಿಲ್ಲ, ಕಲಾವಿದನಿಗೆ ಬೇಕಿತ್ತು.

34. ಜಪಾನಿನ ಅಕಿತಾ ಪ್ರಾಂತ್ಯದ ಯೊಕೊತೆ ಪಟ್ಟಣದ ಮಾಸುದಾ ಮಾಂಗಾ ಸಂಗ್ರಹಾಲಯ ಮೂಲಪುಟಗಳನ್ನು ಕಾಪಾಡಲೆಂದೇ ಹೆಸರಾದದ್ದು. ಅಲ್ಲಿ 4 ಲಕ್ಷಕ್ಕೂ ಹೆಚ್ಚು ಪುಟಗಳಿವೆ. ಇದಕ್ಕೆ ಪ್ರೇರಣೆಯಾದ ಮಾಂಗಾ ಕಲಾವಿದ ತಕಾವೊ ಯಾಗುಚಿ ಅದೇ ಊರಿನವರು.

35. ಇಷ್ಟೆಲ್ಲ ಇದ್ದರೂ ಸಂಗ್ರಹಾಲಯಗಳು ಒಂದೇ ಪುಟವನ್ನು ವರ್ಷಗಟ್ಟಲೆ ಗೋಡೆಯ ಮೇಲಿಡುವುದಿಲ್ಲ. ಬೆಳಕು ಕಾಗದವನ್ನೂ ಬಣ್ಣವನ್ನೂ ತಿನ್ನುತ್ತದೆ. ಕೆಲ ತಿಂಗಳು ತೋರಿಸಿ, ಮತ್ತೆ ಕತ್ತಲೆ ಕೋಣೆಗೆ ಒಯ್ದು, ಬೇರೆ ಪುಟ ತರುತ್ತಾರೆ.

ಕೊಳ್ಳುವವರ ಲೆಕ್ಕಾಚಾರ

36. ಸಂಗ್ರಾಹಕರ ಲೋಕದಲ್ಲಿ ಪುಟಗಳಿಗೂ ಅಂತಸ್ತಿದೆ. ಎಲ್ಲಕ್ಕಿಂತ ಮೇಲೆ ಮುಖಪುಟ. ಆಮೇಲೆ ಇಡೀ ಪುಟಕ್ಕೆ ಒಂದೇ ಚಿತ್ರವಿರುವ ‘ಸ್ಪ್ಲ್ಯಾಶ್’. ಕೊನೆಗೆ ಚೌಕಗಳ ಸಾಮಾನ್ಯ ಪುಟ. ಪೀಟರ್ ಪಾರ್ಕರ್ ಅಂಗಿ ತೊಟ್ಟು ಕಾಲೇಜಿಗೆ ಹೋಗುವ ಪುಟಕ್ಕಿಂತ, ಅವನೇ ಸ್ಪೈಡರ್‌ಮ್ಯಾನ್ ಮುಖವಾಡ ಹಾಕಿ ಗೋಡೆ ಹತ್ತುವ ಪುಟಕ್ಕೆ ಬೆಲೆ ಹೆಚ್ಚು.

37. ಹೀಗಾಗಿ ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೂ ದಾರಿಯಿದೆ. ಹೆಸರಾಂತ ಕಲಾವಿದನ ಅಷ್ಟೇನೂ ಹೆಸರಿಲ್ಲದ ಕಥೆ, ನಾಯಕನಿಲ್ಲದ ಪುಟ, ಈಗಷ್ಟೇ ಬರೆಯಲು ಶುರುಮಾಡಿದವರ ಕೆಲಸ ಇವೆಲ್ಲ ಕೈಗೆಟಕುತ್ತವೆ. ಕಾಮಿಕ್ಸ್ ಮೇಳಗಳಲ್ಲಿ ಕಲಾವಿದರು ತಮ್ಮ ಮೇಜಿನ ಮುಂದೆ ತಾವೇ ಪುಟ ಮಾರುತ್ತಾರೆ, ಕೇಳಿದವರಿಗೆ ಬೇಕಾದ ಪಾತ್ರವನ್ನು ಬರೆದೂ ಕೊಡುತ್ತಾರೆ.

38. ಒಂದೇ ಪುಟಕ್ಕೆ ಎರಡು ಮೂಲ ಇರಬಹುದು! ಪೆನ್ಸಿಲಿನವರು ಒಂದು ದೇಶದಲ್ಲಿ, ಶಾಯಿಯವರು ಇನ್ನೊಂದು ದೇಶದಲ್ಲಿದ್ದರೆ, ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಶಾಯಿಯವರು ಅದನ್ನು ತಿಳಿನೀಲಿಯಲ್ಲಿ ಮುದ್ರಿಸಿ ಅದರ ಮೇಲೆ ಬರೆಯುತ್ತಾರೆ. ಪೆನ್ಸಿಲ್ ಪುಟ ಒಬ್ಬರ ಬಳಿ, ಶಾಯಿ ಪುಟ ಮತ್ತೊಬ್ಬರ ಬಳಿ. ಕೊಳ್ಳುವಾಗ ಯಾವುದೆಂದು ಕೇಳಿ ತಿಳಿಯಬೇಕು.

39. ಎರ್ಜೆಯ ಪದ್ಧತಿ ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಹೀಗಿತ್ತು. ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಗೀಚಿ, ತಿದ್ದಿ, ಅಳಿಸಿ, ಸರಿ ಎನಿಸಿದ ಗೆರೆಯನ್ನಷ್ಟೇ ಇನ್ನೊಂದು ಹಾಳೆಗೆ ಇಳಿಸುತ್ತಿದ್ದರು. ಅಂತಿಮ ಪುಟದ ತಣ್ಣನೆಯ ಗೆರೆಗಿಂತ ಮೊದಲ ಹಾಳೆಯ ಗಜಿಬಿಜಿಯನ್ನೇ ಮೆಚ್ಚುವ ಸಂಗ್ರಾಹಕರಿದ್ದಾರೆ.

40. ಮೂಲವೇ ಇಲ್ಲದ ಪುಟಗಳೂ ಇವೆ. ಇಡೀ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೇ ಬರೆಯುವ ಕಲಾವಿದರ ಸಂಖ್ಯೆ ಏರುತ್ತಿದೆ. ‘ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್’ ಖ್ಯಾತಿಯ ಬ್ರಿಯಾನ್ ಬೊಲಂಡ್ ಕೂಡ ಎಂದೋ ಆ ಕಡೆ ಹೊರಳಿದರು. ಕಾಗದದ ಪುಟಗಳ ಬೆಲೆ ಏರಲು ಇದೂ ಒಂದು ಕಾರಣ.

41. ಪುಟ ಕೊಂಡರೆ ಅದನ್ನು ಅಚ್ಚು ಹಾಕುವ ಹಕ್ಕು ಬಂತೆಂದು ತಿಳಿಯಬೇಡಿ. ಕೊಂಡದ್ದು ಹಾಳೆ ಮಾತ್ರ. ಕೃತಿಸ್ವಾಮ್ಯ ಯಾರದೋ ಅವರದೇ. ಗೋಡೆಗೆ ಹಾಕಿ, ಗೆಳೆಯರಿಗೆ ತೋರಿಸಿ, ಮಾರಿ. ಟೀ ಶರ್ಟ್ ಮೇಲೆ ಅಚ್ಚೊತ್ತಿ ಮಾರಬೇಡಿ.

42. ಕಾಪಾಡುವ ಬಗೆ: ಆಮ್ಲವಿಲ್ಲದ ಹಲಗೆ, ಪಾಲಿಯೆಸ್ಟರ್ ಲಕೋಟೆ, ಅತಿನೇರಳೆ ಕಿರಣ ತಡೆಯುವ ಗಾಜು. ಸೆಲ್ಲೋಟೇಪ್ ಮುಟ್ಟಿಸಲೇಬೇಡಿ, ಹಳದಿ ಕಲೆ ಹೋಗುವುದಿಲ್ಲ. ಇಂಡಿಯನ್ ಇಂಕ್ ಬೆಳಕಿಗೆ ಜಗ್ಗದು, ಮಾರ್ಕರ್ ಪೆನ್ನಿನ ಗೆರೆ ಬಿಸಿಲಿಗೆ ಮಾಸಿಹೋಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಇನ್ನಷ್ಟು ಎಚ್ಚರ ಬೇಕು.

43. ಮೂಲ ಕೊಳ್ಳಲಾಗದವರಿಗೆ ‘ಆರ್ಟಿಸ್ಟ್ಸ್ ಎಡಿಷನ್’ ಇದೆ. 2010ರಲ್ಲಿ ಡೇವ್ ಸ್ಟೀವನ್ಸ್ ಅವರ ‘ರಾಕೆಟಿಯರ್’ ಮೂಲಕ ಸಂಪಾದಕ ಸ್ಕಾಟ್ ಡನ್‌ಬಿಯರ್ ಶುರುಮಾಡಿದ ಮಾಲಿಕೆ ಇದು. ಮೂಲಪುಟವನ್ನು ಅದರದೇ ಅಳತೆಯಲ್ಲಿ, ಬಿಳಿ ತಿದ್ದುಪಡಿ, ನೀಲಿ ಗೀಚು, ಅಂಚಿನ ಟಿಪ್ಪಣಿ ಸಮೇತ ಬಣ್ಣದಲ್ಲಿ ಅಚ್ಚು ಹಾಕುತ್ತಾರೆ. ತೆರೆದಿಡಲು ಊಟದ ಮೇಜೇ ಬೇಕಾದೀತು.

ನಮ್ಮ ಕಡೆಯ ಕಥೆ

44. ಅಮರ ಚಿತ್ರ ಕಥೆಯ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. ಆ ಮಾಲಿಕೆಯ ಮೊದಲ ಹತ್ತು ಸಂಖ್ಯೆಗಳು ಪಶ್ಚಿಮದ ಕಥೆಗಳು, 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಹೊರಬಂದವು. ಹಾಗಾಗಿಯೇ ರಾಮ್ ವಾಯಿರ್‌ಕರ್ ಚಿತ್ರ ಬರೆದ ‘ಕೃಷ್ಣ’ನ ಸಂಖ್ಯೆ 11.

45. 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂದಿತ್ತು. ಒಳಗಿನ ಫ್ಯಾಂಟಮ್ ಅಮೆರಿಕದಿಂದ ಬಂದವನು. ಹಲವು ಮುಖಪುಟಗಳ ಫ್ಯಾಂಟಮ್ ಮಾತ್ರ ಇಲ್ಲಿನ ಕಲಾವಿದ ಬಿ. ಗೋವಿಂದ್ ಅವರ ಕೈಯವನು. ಒಂದೇ ಪುಸ್ತಕದ ಹೊರಗಿನ ಮೂಲಚಿತ್ರ ಭಾರತದ್ದು, ಒಳಗಿನದು ಅಮೆರಿಕದ್ದು!

46. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳಿಗೆಂದೇ 2022ರಲ್ಲಿ ಪುಣೆಯ ಬಾಳೇವಾಡಿಯಲ್ಲಿ ಕಲಾ ಗ್ಯಾಲರಿ ಹಾಗೂ ಸಂಗ್ರಹಾಲಯ ತೆರೆಯಿತು.

47. ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ, ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ 2007ರಿಂದ ನಡೆಯುತ್ತಿದೆ. ಎಂ.ಜಿ. ರಸ್ತೆಗೆ ಹೋದವರು ನಾಲ್ಕು ಹೆಜ್ಜೆ ಹೆಚ್ಚು ಹಾಕಿದರೆ ಸಾಕು, ಅಚ್ಚಿಗೂ ಕೈಗೆರೆಗೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

48. ಮೂಲಚಿತ್ರ ಕೈಬದಲಾಯಿಸಿದಾಗಲೆಲ್ಲ ಕಲಾವಿದನಿಗೂ ಪಾಲು ಸಿಗಬೇಕೆಂಬ ಕಾನೂನನ್ನು ಫ್ರಾನ್ಸ್ ತಂದದ್ದು 1920ರಲ್ಲಿ. ನಮ್ಮಲ್ಲೂ ಅಂಥದ್ದಿದೆ! ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿದ 53ಎ ವಿಧಿ ಹೀಗೆನ್ನುತ್ತದೆ: ಮೂಲ ಚಿತ್ರ ಅಥವಾ ಹಸ್ತಪ್ರತಿ 10,000 ರೂಪಾಯಿ ಮೀರಿ ಮರುಮಾರಾಟವಾದರೆ, ಅದರ ಮೊದಲ ಹಕ್ಕುದಾರನಾಗಿದ್ದ ಕಲಾವಿದನಿಗೆ ಅಥವಾ ವಾರಸುದಾರರಿಗೆ ಶೇ 10ನ್ನು ಮೀರದಂತೆ ಪಾಲು ಸಲ್ಲಬೇಕು.

49. ಇಲ್ಲೊಂದು ತೊಡಕಿದೆ. ಸಂಬಳಕ್ಕೆ ದುಡಿಯುತ್ತ ಬರೆದುಕೊಟ್ಟ ಚಿತ್ರಕ್ಕೆ, ಬೇರೆ ಕರಾರಿಲ್ಲದಿದ್ದರೆ, ಸಾಮಾನ್ಯವಾಗಿ ಮೊದಲ ಹಕ್ಕು ಕೆಲಸ ಕೊಟ್ಟವರದು. ಆದ್ದರಿಂದ ಪತ್ರಿಕೆಗೋ ಪ್ರಕಾಶಕರಿಗೋ ಚಿತ್ರ ಬರೆಯುವ ಕನ್ನಡದ ಯುವ ಕಲಾವಿದರು ಕೆಲಸ ಒಪ್ಪಿಕೊಳ್ಳುವ ಮೊದಲೇ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು: ‘ಅಚ್ಚಾದ ಮೇಲೆ ಮೂಲಚಿತ್ರವನ್ನು ಮರಳಿಸತಕ್ಕದ್ದು’. ಜ್ಯಾಕ್ ಕರ್ಬಿ ವರ್ಷಗಟ್ಟಲೆ ಗುದ್ದಾಡಿದ್ದು ಇಷ್ಟಕ್ಕೇ.